‘ಎಲ್ಲಾರೂ ಮಾಡ್ತಾರ್ರಿ’ ಎಂಬ ಮಾತಿಗೆ ನನ್ನ ತಕರಾರು

ಆಟದ ವಿಷಯ ಬಂದರೆ ನಮ್ಮ ಕಡೆ ಎರಡು ಮಾತು ಸದಾ ಚಲಾವಣೆಯಲ್ಲಿರುತ್ತವೆ. ನಮ್ಮ ತಂಡ ಸೋತರೆ, ‘ಮ್ಯಾಚ್ ಫಿಕ್ಸ್ ಆಗ್ಯಾದ ಬಿಡ್ರಿ.’ ನಮ್ಮವರೇ ಮೋಸ ಮಾಡಿ ಸಿಕ್ಕಿಬಿದ್ದರೆ, ‘ಎಲ್ಲಾರೂ ಮಾಡ್ತಾರ್ರಿ, ನಮ್ಮೋರಷ್ಟೇ ಮಾಡ್ಯಾರೇನು?’ ಮೊದಲ ಮಾತು ಸೋಲನ್ನು ನುಂಗುತ್ತದೆ, ಎರಡನೆಯದು ಮೋಸವನ್ನು ನುಂಗುತ್ತದೆ. ಎರಡನ್ನೂ ನುಂಗಿ ನೀರು ಕುಡಿದ ಮೇಲೆ ಅದೇ ಬಾಯಿಂದ, ‘ತಂಡಾನ ಹೊಸದಾಗಿ ಕಟ್ಟಬೇಕ್ರಿ’ ಎನ್ನುತ್ತೇವೆ. ನನ್ನ ತಕರಾರು ಇರುವುದು ಇಲ್ಲಿಯೇ. ಸೋತದ್ದನ್ನು ಸೋತೆವೆಂದೂ ಮೋಸವನ್ನು ಮೋಸವೆಂದೂ ಹೇಳಲಾರದವರು ಯಾವ ತಂಡವನ್ನೂ ಕಟ್ಟಲಾರರು. ತಂಡವೇನು, ಶಾಲೆಯನ್ನೂ ಕಟ್ಟಲಾರರು, ಊರನ್ನೂ ಕಟ್ಟಲಾರರು.

ನಾನು ಕ್ರಿಕೆಟ್ ಪಂಡಿತೆಯಲ್ಲ. ಬಿ.ಎ., ಬಿ.ಎಡ್. ಮಾಡಿ ಕನ್ನಡ ಮತ್ತು ಸಮಾಜ ವಿಜ್ಞಾನ ಕಲಿಸುವ ಟೀಚರು. ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲ್ಲೂಕುಗಳ ಹೈಸ್ಕೂಲುಗಳಲ್ಲಿ ವರ್ಗವಾಗುತ್ತಾ ತಲೆ ನರೆತವಳು. ಆದರೆ ಗಂಡಸರೇ ತುಂಬಿದ ಸ್ಟಾಫ್ ರೂಮಿನಲ್ಲಿ ಇಷ್ಟು ವರ್ಷ ಕೂತವಳಿಗೆ ಕ್ರಿಕೆಟ್ಟು ಬೇಡವೆಂದರೂ ಕಿವಿಗೆ ಬೀಳುತ್ತದೆ. ಉತ್ತರಪತ್ರಿಕೆಯ ಮೌಲ್ಯಮಾಪನವೂ ಐಪಿಎಲ್ಲೂ ಒಂದೇ ಕಾಲಕ್ಕೆ ಬರುತ್ತವೆ. ಒಂದು ಕೈಯಲ್ಲಿ ಕೆಂಪು ಪೆನ್ನು, ಇನ್ನೊಂದು ಕೈಯಲ್ಲಿ ಸ್ಕೋರು ತೋರಿಸುವ ಫೋನು. ಸಂಜೆ ಸುಸಲಾ ಮಿರ್ಚಿಯ ಅಂಗಡಿಯ ಮುಂದೆ ಅದೇ ಚರ್ಚೆ ಮುಂದುವರಿಯುತ್ತದೆ. ಹೀಗಾಗಿ ಆಟದ ವಿದ್ಯೆಗಿಂತ ಆಟ ನೋಡುವವರ ವಿದ್ಯೆ ನನಗೆ ಚೆನ್ನಾಗಿ ಗೊತ್ತು.

ಈಗ ನಮ್ಮದೆನ್ನುವ ಒಂದು ತಂಡವಿದೆ, ಗುಲ್ಬರ್ಗಾ ಮಿಸ್ಟಿಕ್ಸ್. ರಾಜ್ಯ ಕ್ರಿಕೆಟ್ ಸಂಸ್ಥೆ 2022ರಲ್ಲಿ ಮಹಾರಾಜ ಟ್ರೋಫಿ ಎಂಬ ಟಿ-20 ಪಂದ್ಯಾವಳಿ ಆರಂಭಿಸಿತು. ಮೊದಲ ವರ್ಷವೇ ಮನೀಷ್ ಪಾಂಡೆಯವರ ನಾಯಕತ್ವದಲ್ಲಿ ಈ ತಂಡ ಫೈನಲ್ಲಿನಲ್ಲಿ ಬೆಂಗಳೂರು ಬ್ಲಾಸ್ಟರ್ಸ್ ತಂಡವನ್ನು 11 ರನ್ನುಗಳಿಂದ ಸೋಲಿಸಿ ಕಪ್ಪು ಗೆದ್ದಿತು. ನಮ್ಮ ಹುಡುಗರು ಪಟಾಕಿ ಹಾರಿಸಿದರು. ಮರುವರ್ಷ ಅದೇ ನಾಯಕರು ಹುಬ್ಬಳ್ಳಿ ಟೈಗರ್ಸ್ ತಂಡಕ್ಕೆ ಹೋದರು, ಕಪ್ಪೂ ಹುಬ್ಬಳ್ಳಿಗೆ ಹೋಯಿತು. 2024ರಲ್ಲಿ ಮೈಸೂರು, 2025ರಲ್ಲಿ ಮಂಗಳೂರು ಗೆದ್ದವು. ಆಗಿನಿಂದ ಸ್ಟಾಫ್ ರೂಮಿನ ಪಂಡಿತರೆಲ್ಲ ‘ತಂಡ ಕಟ್ಟುವ’ ಕೆಲಸಕ್ಕೆ ಕೂತಿದ್ದಾರೆ. ಯಾರನ್ನು ಬಿಡಬೇಕು, ಯಾರನ್ನು ಹರಾಜಿನಲ್ಲಿ ಕೊಳ್ಳಬೇಕು ಎಂಬುದೇ ಲೆಕ್ಕ.

ನಾನೊಮ್ಮೆ ಕೇಳಿದೆ: ‘ಸರ್, ಈ ತಂಡ ಕಲಬುರಗಿಯಾಗ ಒಂದಾದರೂ ಮ್ಯಾಚ್ ಆಡ್ಯಾದೇನ್ರಿ?’ ಉತ್ತರ ಬರಲಿಲ್ಲ. 2022ರಿಂದ 2025ರವರೆಗೆ ಮಹಾರಾಜ ಟ್ರೋಫಿಯ ಪಂದ್ಯಗಳು ನಡೆದದ್ದು ಮೈಸೂರು ಮತ್ತು ಬೆಂಗಳೂರುಗಳಲ್ಲಿ. ಹೆಸರು ನಮ್ಮದು, ಅಂಗಳ ಬೇರೆಯವರದು. ಅಫಜಲಪುರದ ಒಬ್ಬ ಹುಡುಗನಿಗೆ ಚೆಂಡು ಎಸೆಯುವ ಕೈಗುಣವಿದ್ದರೆ ಅವನು ಆಡುವುದು ಜೋಳ ಕೊಯ್ದ ಎರೆಹೊಲದಲ್ಲಿ. ಬೇಸಿಗೆಯಲ್ಲಿ ಆ ನೆಲ ಕೈ ತೂರುವಷ್ಟು ಬಿರಿಯುತ್ತದೆ. ಟೆನ್ನಿಸ್ ಚೆಂಡು ಒಮ್ಮೆ ಪಾದಕ್ಕೆ, ಒಮ್ಮೆ ಹಣೆಗೆ. ಆ ಹುಡುಗನನ್ನು ಹುಡುಕಿ, ಷೂ ಕೊಟ್ಟು, ನಾಲ್ಕು ವರ್ಷ ಕಲಿಸುವುದಕ್ಕೆ ತಂಡ ಕಟ್ಟುವುದು ಎಂದು ಹೆಸರು. ಹರಾಜಿನಲ್ಲಿ ಕೊಳ್ಳುವುದು ಸಂತೆ. ಸಂತೆಗೆ ಹೋಗುವುದು ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಸಂತೆಯಿಂದ ತಂದದ್ದನ್ನು ನಮ್ಮ ಹೊಲದಲ್ಲಿ ಬೆಳೆದದ್ದೆಂದು ಹೇಳಿಕೊಳ್ಳಬಾರದು.

ಇದು ಕಟ್ಟುವ ಮಾತಾಯಿತು, ಇನ್ನು ಮೋಸದ ಮಾತು. ಮಹಾರಾಜ ಟ್ರೋಫಿಗಿಂತ ಮೊದಲು ಇದ್ದದ್ದು ಕರ್ನಾಟಕ ಪ್ರೀಮಿಯರ್ ಲೀಗ್. 2009ರಲ್ಲಿ ಶುರುವಾದ ಆ ಪಂದ್ಯಾವಳಿ 2019ರ ನಂತರ ನಡೆಯಲಿಲ್ಲ. ಆ ವರ್ಷ ಬೆಂಗಳೂರಿನ ಪೊಲೀಸರು ಒಂದು ತಂಡದ ಮಾಲೀಕರನ್ನು, ಇನ್ನೊಂದರ ತರಬೇತುದಾರರನ್ನು, ಮತ್ತೊಂದರ ನಾಯಕರನ್ನು ಹೀಗೆ ಒಬ್ಬೊಬ್ಬರನ್ನಾಗಿ ಬಂಧಿಸಿದರು. ಹುಬ್ಬಳ್ಳಿಗೂ ಬಳ್ಳಾರಿಗೂ ನಡೆದ ಫೈನಲ್ಲಿನಲ್ಲಿ ನಿಧಾನವಾಗಿ ಬ್ಯಾಟ್ ಮಾಡುವುದಕ್ಕೆ 20 ಲಕ್ಷ ರೂಪಾಯಿ ಮಾತಾಗಿತ್ತೆಂಬುದು ಪೊಲೀಸರ ಆರೋಪ. ಹುಬ್ಬಳ್ಳಿ ಗೆದ್ದದ್ದು 8 ರನ್ನುಗಳಿಂದ.

ಆಮೇಲೆ ಏನಾಯಿತೆಂಬುದು ನಮ್ಮ ಚಹದಂಗಡಿಯ ಪಂಡಿತರಿಗೂ ಅಷ್ಟಾಗಿ ನೆನಪಿಲ್ಲ. 2022ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟ್ ಆಟಗಾರರ ಮೇಲಿನ ಆ ಪ್ರಕರಣವನ್ನು ರದ್ದುಪಡಿಸಿತು. ಆಗಿನ ದಂಡ ಸಂಹಿತೆಯ 420ನೆಯ ಕಲಮಿನ ಪ್ರಕಾರ ವಂಚನೆ ಎನ್ನಬೇಕಾದರೆ ಒಬ್ಬನನ್ನು ಪುಸಲಾಯಿಸಿ ಅವನ ಸೊತ್ತನ್ನು ಕೊಡುವಂತೆ ಮಾಡಿರಬೇಕು. ಪ್ರೇಕ್ಷಕರಾದರೋ ತಮ್ಮ ಇಷ್ಟದಿಂದಲೇ ಟಿಕೆಟ್ ಕೊಂಡು ಬಂದವರು. ಆಟ ಪ್ರೀತಿಸುವವರಿಗೆ ತಾವು ಮೋಸಹೋದೆವೆಂಬ ಭಾವನೆ ಬರಬಹುದು, ಆದರೆ ಆ ಭಾವನೆಯೇ ಅಪರಾಧವಾಗುವುದಿಲ್ಲ. ಅಪ್ರಾಮಾಣಿಕತೆಗೆ ಶಿಸ್ತುಕ್ರಮ ಜರುಗಿಸಬೇಕಾದದ್ದು ಕ್ರಿಕೆಟ್ ಮಂಡಳಿ. ತೀರ್ಪಿನ ಸಾರ ಇದು. ರಾಜ್ಯ ಸರ್ಕಾರ ಇದರ ಮೇಲೆ ಸುಪ್ರೀಂ ಕೋರ್ಟಿಗೆ ಹೋಯಿತು.

ಹೈದರಾಬಾದಿನ ಆಳ್ವಿಕೆ ಕಂಡ ನಮ್ಮ ಸೀಮೆಯಲ್ಲಿ ಮೋಸಗಾರನಿಗೆ ‘ಚಾರ್‌ಸೌಬೀಸ್’ ಎನ್ನುವುದು ಮಕ್ಕಳಿಗೂ ಗೊತ್ತಿರುವ ಬೈಗುಳ. ಅಂಥ ಕಲಮೇ ಫಿಕ್ಸಿಂಗಿಗೆ ಹೊಂದುವುದಿಲ್ಲವೆಂದು ಕೇಳಿ ನನಗೆ ಮೊದಲು ಸೋಜಿಗವಾಯಿತು. ನ್ಯಾಯಾಲಯದ ಮೇಲೆ ನನ್ನ ಜಗಳವಿಲ್ಲ, ಕಾನೂನಿನಲ್ಲಿ ಬರೆದದ್ದನ್ನು ಅವರು ಓದಿದ್ದಾರೆ. ಬಂಧನವಾದಾಗಲೇ ಅಪರಾಧಿಗಳೆಂದು ನಾವು ಯಾರಿಗೂ ಹಣೆಪಟ್ಟಿ ಹಚ್ಚಬಾರದೆಂಬುದೂ ನಿಜ. ಆದರೆ ತೀರ್ಪಿನಿಂದ ನೋಡುವವರಾದ ನಾವು ಕಲಿಯಬೇಕಾದ ಪಾಠವೊಂದಿದೆ. ನಮಗಾದ ನೋವಿಗೆ ಕಾನೂನಿನಲ್ಲಿ ಹೆಸರಿಲ್ಲ ಎಂದ ಮೇಲೆ ಆ ನೋವನ್ನು ಜೀವಂತವಾಗಿ ಇಡಬೇಕಾದವರು ನಾವೇ ಅಲ್ಲವೆ? ಪೊಲೀಸರು ಹಿಡಿಯಲಾರದ್ದನ್ನು, ಕೋರ್ಟು ಶಿಕ್ಷಿಸಲಾರದ್ದನ್ನು ತಡೆಯುವುದು ನಾಲ್ಕು ಜನರ ಛೀಮಾರಿ ಒಂದೇ. ಆ ನಾಲ್ಕು ಜನವೇ ‘ಎಲ್ಲಾರೂ ಮಾಡ್ತಾರ್ರಿ’ ಎಂದು ಚಹ ಹೀರಿದರೆ ಬೇಲಿಯೇ ಎದ್ದು ಹೊಲ ಮೇಯ್ದಂತೆ.

‘ಇದು ನಮ್ಮ ದೇಶದ ಗುಣ ಮೇಡಂ, ಹೊರದೇಶದಾಗ ಹಿಂಗ ನಡೆಯಂಗಿಲ್ಲ’ ಎನ್ನುವವರೂ ಇದ್ದಾರೆ. ಇಂಥವರಿಗಾಗಿಯೇ ನಾನು ಅಮೆರಿಕದ ಬೇಸ್‌ಬಾಲ್ ಕಥೆಯನ್ನು ಇಟ್ಟುಕೊಂಡಿದ್ದೇನೆ. ಹ್ಯೂಸ್ಟನ್ ಆಸ್ಟ್ರೋಸ್ ಎಂಬ ತಂಡ 2011ರಿಂದ 2013ರವರೆಗೆ, ವರ್ಷಕ್ಕೆ 162 ಪಂದ್ಯಗಳಂತೆ ಆಡಿ, ಕ್ರಮವಾಗಿ 106, 107 ಮತ್ತು 111 ಪಂದ್ಯ ಸೋತಿತು. ಅಲ್ಲಿ ಕಟ್ಟಕಡೆಗೆ ಬಂದ ತಂಡಕ್ಕೆ ಹೊಸ ಆಟಗಾರರಲ್ಲಿ ಮೊದಲ ಆಯ್ಕೆ ಸಿಗುವ ಪದ್ಧತಿಯಿತ್ತು. ಹಳಬರನ್ನು ಬಿಟ್ಟು, ಹುಡುಗರನ್ನು ಆರಿಸಿ, ಬೆಳೆಸಿ, ಅವರು 2017ರಲ್ಲಿ ದೇಶಕ್ಕೇ ಚಾಂಪಿಯನ್ ಆದರು. ತಂಡ ಕಟ್ಟುವುದೆಂದರೆ ಹೀಗೆ ಎಂದು ಎಲ್ಲರೂ ಕೊಂಡಾಡಿದರು.

ಎರಡು ವರ್ಷದ ಮೇಲೆ ಗುಟ್ಟು ಹೊರಬಿತ್ತು. ಬೇಸ್‌ಬಾಲಿನಲ್ಲಿ ಬ್ಯಾಟ್ ಹಿಡಿದವನ ಹಿಂದೆ ಕೂತ ಎದುರಾಳಿ ತಂಡದವನು ಮುಂದಿನ ಚೆಂಡು ಎಂಥದಿರಬೇಕೆಂದು ತಮ್ಮ ಬೌಲರನಿಗೆ ಬೆರಳಿನಿಂದ ಸನ್ನೆ ಮಾಡುತ್ತಾನೆ. ಹ್ಯೂಸ್ಟನ್ನಿನವರು ತಮ್ಮ ಮೈದಾನದಲ್ಲಿ ಕ್ಯಾಮೆರಾದಿಂದ ಆ ಸನ್ನೆ ಕದ್ದು ನೋಡಿ, ಮರೆಯಲ್ಲಿ ನಿಂತು ಕಸದ ಡಬ್ಬಿಯನ್ನು ದಬದಬ ಬಡಿದು ತಮ್ಮ ಬ್ಯಾಟುಗಾರನಿಗೆ ತಿಳಿಸುತ್ತಿದ್ದರು! 2020ರ ಜನವರಿಯಲ್ಲಿ ವಿಚಾರಣೆಯ ವರದಿ ಬಂತು. ತಂಡಕ್ಕೆ 50 ಲಕ್ಷ ಡಾಲರ್ ದಂಡ, ವ್ಯವಸ್ಥಾಪಕರಿಬ್ಬರಿಗೆ ಒಂದು ವರ್ಷದ ನಿಷೇಧ. ನಿಜ ಹೇಳಿದರೆ ಶಿಕ್ಷೆಯಿಲ್ಲವೆಂಬ ಮಾತು ಕೊಟ್ಟಿದ್ದರಿಂದ ಆಟಗಾರರಿಗೆ ಏನೂ ಆಗಲಿಲ್ಲ. ಕಪ್ಪನ್ನೂ ವಾಪಸು ಪಡೆಯಲಿಲ್ಲ. ಆ ಊರಿನ ಅಭಿಮಾನಿಗಳಲ್ಲಿ ಅನೇಕರು ಏನೆಂದರು ಗೊತ್ತೆ? ಎಲ್ಲ ತಂಡಗಳೂ ಸನ್ನೆ ಕದಿಯುತ್ತವೆ, ನಾವಷ್ಟೇ ಸಿಕ್ಕಿಬಿದ್ದೆವು ಅಂತ. ಆಳಂದದ ಬಸ್ ಸ್ಟ್ಯಾಂಡಿನ ಮಾತೇ ಇಂಗ್ಲಿಷಿನಲ್ಲಿ.

ಆ ಕಥೆಯಲ್ಲಿ ನನಗೆ ನೋವಾಗುವುದು ಮೋಸಕ್ಕಿಂತ ಇನ್ನೊಂದು ಸಂಗತಿಗೆ. ಸಾಲಾಗಿ ಮೂರು ವರ್ಷ ನೂರಕ್ಕೂ ಮೇಲೆ ಪಂದ್ಯ ಸೋತು ಕಟ್ಟಿದ ಶ್ರಮ ಅದು. ಆ ಹುಡುಗರು ನಿಜವಾಗಿಯೂ ಒಳ್ಳೆಯ ಆಟಗಾರರೇ ಆಗಿದ್ದಿರಬೇಕು. ಡಬ್ಬಿ ಬಡಿಯದೆಯೂ ಗೆಲ್ಲುತ್ತಿದ್ದರೇನೋ! ಇನ್ನು ಅದನ್ನು ತಿಳಿಯುವ ದಾರಿಯೇ ಇಲ್ಲ, ಅವರಿಗೂ ಇಲ್ಲ. ಮೋಸ ಎದುರಾಳಿಯಿಂದ ಕಪ್ಪನ್ನು ಕಸಿಯುತ್ತದೆ. ಮೋಸ ಮಾಡಿದವನಿಂದ ಅವನ ಯೋಗ್ಯತೆಯ ಅಳತೆಗೋಲನ್ನೇ ಕಸಿಯುತ್ತದೆ.

ಹಾಗಾದರೆ ಮೋಸ ತಾಗಿದ ಆಟ ಮತ್ತೆ ಎದ್ದೇಳುವುದೇ ಇಲ್ಲವೆ? ಏಳುತ್ತದೆ. ನಮ್ಮ ದೇಶದ ತಂಡವೇ ಎದ್ದು ತೋರಿಸಿದೆ. 2000ದ ಏಪ್ರಿಲಿನಲ್ಲಿ ದೆಹಲಿ ಪೊಲೀಸರು ಫಿಕ್ಸಿಂಗಿನ ಸಂಗತಿ ಬಯಲಿಗೆಳೆದಾಗ ಎಷ್ಟೋ ಜನ ಕ್ರಿಕೆಟ್ ನೋಡುವುದನ್ನೇ ಬಿಟ್ಟರು. ಅದೇ ಡಿಸೆಂಬರಿನಲ್ಲಿ ಮಂಡಳಿ ದೊಡ್ಡ ಹೆಸರಿನವರ ಮೇಲೂ ನಿಷೇಧ ಹೇರಿತು. ಅದರಲ್ಲೊಂದನ್ನು 2012ರಲ್ಲಿ ಹೈಕೋರ್ಟ್ ತಳ್ಳಿಹಾಕಿತೆಂಬುದು ಬೇರೆ ಮಾತು. ಹೊಸ ನಾಯಕ, ಹೊಸ ಹುಡುಗರು. 2001ರ ಮಾರ್ಚಿನಲ್ಲಿ ಕೋಲ್ಕತ್ತದಲ್ಲಿ ಫಾಲೋಆನ್ ಅನುಭವಿಸಿದ ಮೇಲೆ ಲಕ್ಷ್ಮಣ್ 281, ನಮ್ಮ ದ್ರಾವಿಡ್ 180 ಹೊಡೆದು ಇಡೀ ದಿನ ಔಟಾಗದೆ ನಿಂತರಲ್ಲ, ಜನ ಮತ್ತೆ ಆಟವನ್ನು ನಂಬಿದ್ದು ಆಗ. ಏನೂ ಆಗೇ ಇಲ್ಲವೆಂದು ಮುಚ್ಚಿಹಾಕಿದ್ದರೆ ಆ ದಿನವನ್ನೂ ನಾವು ‘ಫಿಕ್ಸ್ ಆಗ್ಯಾದ’ ಎಂದೇ ನೋಡುತ್ತಿದ್ದೆವು. ನೆಟೆ ರೋಗ ಬಿದ್ದ ತೊಗರಿ ಹೊಲವನ್ನು ಕಂಡ ನಮ್ಮ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ರೋಗ ಮಣ್ಣಿನಲ್ಲಿರುತ್ತದೆ. ಒಣಗಿದ ಗಿಡ ಕಿತ್ತು, ಬೆಳೆ ಬದಲಿಸಿ, ಆಮೇಲೆ ತೊಗರಿ ಬಿತ್ತಬೇಕು. ಮೇಲೆ ಹಸಿರು ಕಂಡಿತೆಂದು ಸುಮ್ಮನಿದ್ದರೆ ಮುಂದಿನ ವರ್ಷವೂ ಅದೇ ಗತಿ.

ಸೋಲನ್ನು ಸಹಿಸುವ ಶಕ್ತಿ ನಮಗಿಲ್ಲವೆಂದು ಯಾರೂ ಹೇಳಬೇಡಿ. ಆರ್‌ಸಿಬಿಯನ್ನು ನೋಡಿ. 2008ರಿಂದ ಹದಿನೇಳು ವರ್ಷ ಕಪ್ಪಿಲ್ಲ. 2017ರಲ್ಲಿ 49 ರನ್ನಿಗೆ ಇಡೀ ತಂಡ ಔಟಾಯಿತು. ಆದರೂ ಪ್ರತಿ ವರ್ಷ ನಮ್ಮ ಹುಡುಗರು ‘ಈ ಸಲ ಕಪ್ ನಮ್ದೇ’ ಎನ್ನುವುದನ್ನು ಬಿಡಲಿಲ್ಲ. 2025ರ ಜೂನ್ 3ರಂದು ಕೊನೆಗೂ ಗೆದ್ದಾಗ ನನ್ನಂಥವಳ ಕಣ್ಣೂ ಒದ್ದೆಯಾಯಿತು. ಮರುದಿನ ಬೆಂಗಳೂರಿನ ಕಾಲ್ತುಳಿತದಲ್ಲಿ 11 ಜೀವ ಹೋದದ್ದು ಆ ಸಂತೋಷವನ್ನು ನುಂಗಿತು. ಆ ದುಃಖ ಬೇರೆಯೇ ಬರೆಯಬೇಕಾದ್ದು. ನಾನು ಹೇಳುವುದಿಷ್ಟು: ಹದಿನೇಳು ವರ್ಷ ಸೋಲನ್ನು ಪ್ರೀತಿಯಿಂದ ಹೊತ್ತವರು ನಾವು. ಇಷ್ಟು ತಾಳ್ಮೆಯಿರುವ ಜನಕ್ಕೆ ಮೋಸದ ಗೆಲುವು ಯಾತಕ್ಕೆ ಬೇಕು?

ಬೇಕಾಗುವುದು ಪ್ರೀತಿಯ ಜಾಗದಲ್ಲಿ ದುಡ್ಡು ಬಂದು ಕೂತಾಗ. ಈ ಭಾಗದಲ್ಲಿ ಕ್ರಿಕೆಟ್ ಬೆಟ್ಟಿಂಗು ಎಂಥ ಮನೆಗಳನ್ನು ಮುರಿದಿದೆ ಎಂಬುದನ್ನು ಹಾಜರಿ ಪುಸ್ತಕ ನೋಡಿದರೆ ನನಗೆ ತಿಳಿಯುತ್ತದೆ. ಅಣ್ಣ ಬೆಟ್ಟಿಂಗಿನಲ್ಲಿ ಸಾಲ ಮಾಡಿದ, ಅಪ್ಪ ಎತ್ತು ಮಾರಿದ, ತಂಗಿ ಒಂಬತ್ತನೆಯ ಇಯತ್ತೆಗೆ ಶಾಲೆ ಬಿಟ್ಟಳು. ನೂರು ರೂಪಾಯಿ ಕಟ್ಟುವವನು ತನಗೂ ಫಿಕ್ಸಿಂಗಿಗೂ ಸಂಬಂಧವಿಲ್ಲವೆಂದು ತಿಳಿದಿದ್ದಾನೆ. ಬೆಟ್ಟಿಂಗಿನ ದುಡ್ಡಿಲ್ಲದಿದ್ದರೆ ನಿಧಾನ ಬ್ಯಾಟಿಂಗಿಗೆ 20 ಲಕ್ಷ ಕೊಡಲು ಯಾರಿಗೆ ಹುಚ್ಚು ಹಿಡಿದಿದೆ? ಹನಿ ಹನಿ ಕೂಡಿದರೆ ಹಳ್ಳ. ನಮ್ಮ ಸರ್ಕಾರ 2021ರಲ್ಲಿ ಆನ್‌ಲೈನ್ ಜೂಜನ್ನು ನಿಷೇಧಿಸಿತು, 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಆ ನಿಷೇಧವನ್ನು ತಳ್ಳಿಹಾಕಿತು. 2025ರ ಆಗಸ್ಟಿನಲ್ಲಿ ಸಂಸತ್ತು ದುಡ್ಡಿನ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು ಮಾಡಿತು. ಕಾನೂನು ಬರಲಿ, ಒಳ್ಳೆಯದೇ. ಆದರೆ ಚಹದಂಗಡಿಯ ಹಿಂದಿನ ಕೋಣೆಗೆ ಸಂಸತ್ತು ಬರುವುದಿಲ್ಲ, ಅಲ್ಲಿಗೆ ಹೋಗಿ ಕಿವಿ ಹಿಂಡಬೇಕಾದವರು ಮನೆಯವರು.

ಇಷ್ಟು ಹೊತ್ತು ದೊಡ್ಡ ಮೈದಾನಗಳ ಮಾತಾಡಿದೆ. ಈ ರೋಗದ ಬೀಜ ಬೀಳುವುದು ಎಲ್ಲಿ ಎಂಬುದನ್ನು ಈಗ ಹೇಳಬೇಕು. ಅದು ನಮ್ಮ ಶಾಲೆಯ ಅಂಗಳದಲ್ಲಿ.

ಶಾಲಾ ಕ್ರೀಡಾಕೂಟಗಳು ವಲಯದಿಂದ ತಾಲ್ಲೂಕಿಗೆ, ಜಿಲ್ಲೆಗೆ, ವಿಭಾಗಕ್ಕೆ, ರಾಜ್ಯಕ್ಕೆ ಮೆಟ್ಟಿಲು ಮೆಟ್ಟಿಲಾಗಿ ನಡೆಯುತ್ತವೆ. ಹದಿನಾಲ್ಕರೊಳಗಿನವರು, ಹದಿನೇಳರೊಳಗಿನವರು ಎಂದು ವಯಸ್ಸಿನ ಗೆರೆ. ಆ ಗೆರೆಯನ್ನು ದಾಟುವ ಉಪಾಯಗಳು ನೂರೆಂಟು. ಶಾಲೆ ಬಿಟ್ಟು ಕಬ್ಬಿನ ಕಟಾವಿಗೆ ಹೋಗುವ ಹುಡುಗ ಆಗಸ್ಟ್ ತಿಂಗಳಿನಲ್ಲಿ ಮಾತ್ರ ಹಾಜರಿ ಪುಸ್ತಕದಲ್ಲಿ ಪ್ರತ್ಯಕ್ಷನಾಗುತ್ತಾನೆ. ಒಬ್ಬಳ ಹೆಸರಿನಲ್ಲಿ ಅವಳ ಅಕ್ಕ ಆಡುತ್ತಾಳೆ. ಮೀಸೆ ಬೋಳಿಸಿಕೊಂಡು ಬಂದ ಕಬಡ್ಡಿಪಟುಗಳನ್ನು ಕಂಡು ನಾವು ನಕ್ಕಿದ್ದೂ ಉಂಟು. ಇದು ನಗುವ ಮಾತಲ್ಲ.

ಒಂದು ವರ್ಷ ನಮ್ಮ ಶಾಲೆಯ ಹುಡುಗಿಯರ ಖೊ ಖೊ ತಂಡವನ್ನು ಕರೆದುಕೊಂಡು ಕ್ರೀಡಾಕೂಟಕ್ಕೆ ಹೋಗಿದ್ದೆ. ಹೊಸ ತಂಡ. ಮೂರು ವರ್ಷ ಮೊದಲ ಸುತ್ತಿನಲ್ಲೇ ಸೋತು ಬಂದದ್ದು. ಆ ಹುಡುಗಿಯರು ದಿನವೂ ಬೆಳಿಗ್ಗೆ ನೀರು ತುಂಬಿಟ್ಟು, ರೊಟ್ಟಿ ಬಡಿದು, ಶಾಲೆಗೆ ಒಂದು ತಾಸು ಮೊದಲೇ ಬಂದು ಓಡುತ್ತಿದ್ದರು. ಎದುರು ತಂಡದಲ್ಲಿ ಮೂವರು ಹೆಣ್ಣುಮಕ್ಕಳು ಹದಿನೇಳರ ಗೆರೆಯನ್ನು ಎಂದೋ ದಾಟಿದವರು. ಅದರಲ್ಲಿ ಒಬ್ಬಳ ಕೂಸನ್ನು ಗಿಡದ ನೆರಳಿನಲ್ಲಿ ಅವಳ ತಾಯಿ ಆಡಿಸುತ್ತಿದ್ದುದನ್ನು ನಾವೆಲ್ಲ ಕಂಡೆವು. ನಾನು ಪ್ರವೇಶ ದಾಖಲಾತಿ ತೋರಿಸಿರೆಂದು ಬರವಣಿಗೆಯಲ್ಲಿ ತಕರಾರು ಕೊಟ್ಟೆ. ಕೂಟ ನಡೆಸುತ್ತಿದ್ದವರೊಬ್ಬರು ಕಾಗದವನ್ನು ಮಡಚಿ ಜೇಬಿಗಿಟ್ಟು, ‘ಎಲ್ಲಾರೂ ಮಾಡ್ತಾರ್ರಿ ಟೀಚರ್. ಛಲೋ ತಂಡ ಹೋದ್ರ ನಮ್ಮ ತಾಲೂಕಿನ ಹೆಸರು ಬರ್ತದ. ನೀವ್ಯಾಕ ಅಡ್ಡ ಬರ್ತೀರಿ?’ ಎಂದರು. ನಮ್ಮ ಮಕ್ಕಳು ಆಡಿದರು, ಸೋತರು. ಸೋತದ್ದಕ್ಕೆ ನನಗೆ ಬೇಸರವಿಲ್ಲ. ವಾಪಸು ಬರುವಾಗ ಟಂಟಂ ಗಾಡಿಯಲ್ಲಿ ಎಂಟನೆಯ ಇಯತ್ತೆಯ ಒಬ್ಬ ಹುಡುಗಿ ಕೇಳಿದಳು: ‘ಟೀಚರ್, ಮುಂದಿನ ವರ್ಷ ನಾವೂ ನಮ್ಮ ಅಕ್ಕಗೋಳ್ನ ಕರ್ಕೊಂಡು ಬರೋಣೇನ್ರಿ?’

ಓದುಗರೇ, ಇಲ್ಲಿ ನಿಂತು ಯೋಚಿಸಿ. ಆ ಕೂಸಿಗೆ ಅಂದು ಕಲಿಸಿದ ಪಾಠ ನನ್ನ ವರ್ಷದ ಪಾಠಗಳಿಗಿಂತ ಗಟ್ಟಿಯಾಗಿ ನಾಟಿತ್ತು. ಇನ್ನಷ್ಟು ಓಡಿದರೆ ಗೆಲ್ಲಬಹುದೆಂಬ ಲೆಕ್ಕ ಅವಳ ತಲೆಯಿಂದ ಅಳಿಸಿಹೋಗಿ, ಯಾರನ್ನು ತಂದರೆ ಗೆಲ್ಲಬಹುದೆಂಬ ಲೆಕ್ಕ ಬಂದು ಕೂತಿತ್ತು. ಇದೇ ಲೆಕ್ಕ ಬೆಳೆದು ದೊಡ್ಡದಾಗುತ್ತದೆ. ವಯಸ್ಸಿನ ಸುಳ್ಳು ಹಿಡಿಯಲು ಕ್ರಿಕೆಟ್ ಮಂಡಳಿ ಹುಡುಗರ ಮಣಿಕಟ್ಟಿನ ಎಕ್ಸ್-ರೇ ತೆಗೆಸಬೇಕಾಗಿ ಬಂದಿದೆ. 2020ರಲ್ಲಿ, ತಾವಾಗಿಯೇ ನಿಜವಯಸ್ಸು ಹೇಳಿದವರಿಗೆ ಕ್ಷಮೆ, ಸಿಕ್ಕಿಬಿದ್ದವರಿಗೆ ಎರಡು ವರ್ಷ ನಿಷೇಧ ಎಂದು ಪ್ರಕಟಿಸಬೇಕಾಯಿತು. ಶಾಲೆಯ ದಾಖಲಾತಿಯನ್ನು ನಂಬಲಾಗದೆ ಎಲುಬನ್ನು ಕೇಳುವ ಕಾಲ ಬಂತಲ್ಲ, ಮಾಸ್ತರರಾದ ನಮಗೆ ಇದಕ್ಕಿಂತ ದೊಡ್ಡ ಅವಮಾನ ಉಂಟೆ?

ಆಟದಿಂದ ಈ ಲೆಕ್ಕ ಪರೀಕ್ಷೆಗೆ ಹೋಗುವುದಕ್ಕೆ ದಾರಿ ದೂರವಿಲ್ಲ. 2021ರ ಅಕ್ಟೋಬರಿನಲ್ಲಿ 545 ಪಿಎಸ್‌ಐ ಹುದ್ದೆಗಳಿಗೆ ಪರೀಕ್ಷೆ ನಡೆಯಿತು. ಕಲಬುರಗಿಯ ಕೇಂದ್ರವೊಂದರಲ್ಲಿ ಮೇಲ್ವಿಚಾರಕರೇ ಅಭ್ಯರ್ಥಿಗಳ ಉತ್ತರ ತುಂಬಿಕೊಟ್ಟರೆಂಬ ಆರೋಪ ಬಂತು, ಎಂದರೆ ಅಂಪೈರೇ ಬ್ಯಾಟು ಹಿಡಿದ ಹಾಗೆ. 2022ರಲ್ಲಿ ಆ ನೇಮಕಾತಿ ರದ್ದಾಗಿ, 2024ರ ಜನವರಿಯಲ್ಲಿ ಮರುಪರೀಕ್ಷೆ ನಡೆಯಬೇಕಾಯಿತು. ಆ ಗಾಯ ಮಾಯುವ ಮೊದಲೇ, 2023ರ ಅಕ್ಟೋಬರಿನ ಇನ್ನೊಂದು ನೇಮಕಾತಿ ಪರೀಕ್ಷೆಯಲ್ಲಿ ಕಲಬುರಗಿ, ಯಾದಗಿರಿಗಳಲ್ಲಿ ಬ್ಲೂಟೂತ್ ಹಿಡಿದರು. ಹೊರಗಿನಿಂದ ಒಬ್ಬ ಉತ್ತರ ಹೇಳುವುದು, ಒಳಗೆ ಕೂತವನು ಗುರುತು ಹಾಕುವುದು. ಹ್ಯೂಸ್ಟನ್ನಿನ ಕಸದ ಡಬ್ಬಿ ಕಿವಿಯೊಳಗೇ ಬಂದು ಕೂತಿತು! ಆ ದಿನಗಳಲ್ಲಿ ನಮ್ಮ ತಾಲ್ಲೂಕುಗಳ ಹೆಸರು ಪತ್ರಿಕೆಯಲ್ಲಿ ಬಂದದ್ದು ಇದಕ್ಕಾಗಿ. ಪ್ರಾಮಾಣಿಕವಾಗಿ ಓದಿದ್ದ ನಮ್ಮ ಹಳ್ಳಿಯ ಹುಡುಗರು ಬೆಂಗಳೂರಿಗೆ ಹೋದರೆ, ‘ಓಹೋ, ಕಲಬುರಗಿಯವರಾ?’ ಎಂಬ ನಗೆಯನ್ನು ಸಹಿಸಬೇಕಾಯಿತು. ಇಲ್ಲಿಯೂ ನಾನು ಕೇಳಿದ ಮಾತು ಅದೇ: ‘ಎಲ್ಲಾ ಕಡೀಗೂ ನಡೀತದ್ರಿ, ನಮ್ಮೋರು ಸಿಕ್ಕಾರ ಅಷ್ಟೆ.’

ಕೊನೆಯದಾಗಿ ನನ್ನ ಮನೆಯಂಗಳದ ವಿಷಯ. 2024ರಿಂದ ಎಸ್‌ಎಸ್‌ಎಲ್‌ಸಿ ಪರೀಕ್ಷಾ ಕೋಣೆಗಳಿಗೆ ಕ್ಯಾಮೆರಾ ಬಂತು. 2023ರಲ್ಲಿ ಶೇ. 83.89 ಇದ್ದ ರಾಜ್ಯದ ಫಲಿತಾಂಶ, ಹೆಚ್ಚುವರಿ ಕೃಪಾಂಕ ಕೊಟ್ಟಮೇಲೂ 2024ರಲ್ಲಿ 73.40ಕ್ಕೆ ಇಳಿಯಿತು. ಆ ಕೃಪಾಂಕವಿಲ್ಲದ 2025ರಲ್ಲಿ 66.14. ಆ ವರ್ಷ ದಕ್ಷಿಣ ಕನ್ನಡ ಶೇ. 91.12 ಪಡೆದು ಮೊದಲು ನಿಂತಿತು, ನಮ್ಮ ಕಲಬುರಗಿ 42.43 ಪಡೆದು ಕಟ್ಟಕಡೆಗೆ ನಿಂತಿತು. ಊರಿನಲ್ಲಿ ಸೂತಕದ ವಾತಾವರಣ. ‘ಕ್ಯಾಮೆರಾ ಹಾಕಿ ನಮ್ಮ ಮಕ್ಕಳನ್ನ ಹಾಳು ಮಾಡಿದ್ರು’ ಎಂದವರು ಕೆಲವರು, ‘ಹಿಂದಿನಂಗ ಸ್ವಲ್ಪ ನೋಡಿಕೊಂಡು ಹೋಗ್ರಿ’ ಎಂದು ಕಿವಿಯಲ್ಲಿ ಹೇಳಿದವರು ಹಲವರು.

ನಾನು ಇದಕ್ಕೆ ಒಪ್ಪುವುದಿಲ್ಲ. ಆ 42.43 ನನ್ನ ಮಟ್ಟಿಗೆ ಬಹಳ ವರ್ಷಗಳ ಮೇಲೆ ನಮಗೆ ಸಿಕ್ಕ ನಂಬಬಹುದಾದ ಸ್ಕೋರು. ಮುಖಕ್ಕೆ ಹೊಡೆದಂಥ ಸ್ಕೋರೇ ಹೌದು, ಆದರೂ ಅದನ್ನು ಹಿಡಿದು ನಾನು ಜಗಳ ಆಡಬಲ್ಲೆ. ಗಣಿತದ ಮಾಸ್ತರರಿಲ್ಲದ ಶಾಲೆಯಲ್ಲಿ ಗಣಿತದ ಫಲಿತಾಂಶ ತೊಂಬತ್ತು ಎಂದು ತೋರಿಸಿದರೆ ಗಣಿತದ ಮಾಸ್ತರರನ್ನು ಯಾರು ಕಳಿಸುತ್ತಾರೆ? 371-ಜೆ ಕಲಮು ತಂದುಕೊಂಡ ಹಿಂದುಳಿದ ಪ್ರದೇಶ ನಮ್ಮದು. ಹಿಂದುಳಿದದ್ದು ಎಷ್ಟೆಂದು ಸರಿಯಾಗಿ ಅಳೆದು ಹೇಳದಿದ್ದರೆ ಪರಿಹಾರ ಕೇಳುವ ಬಾಯಿ ಎಲ್ಲಿರುತ್ತದೆ? ನಕಲು ಮಾಡಿಸಿದವನು ಮಗುವಿಗೆ ಉಪಕಾರ ಮಾಡಿದೆನೆಂದು ಬೀಗುತ್ತಾನೆ. ನಿಜಕ್ಕೂ ಉಪಕಾರವಾದದ್ದು ಮಾಸ್ತರರನ್ನು ಕೊಡದೆ ಕೂತ ಸರ್ಕಾರಕ್ಕೆ. ಕೋಚೂ ಇಲ್ಲ, ಮೈದಾನವೂ ಇಲ್ಲ, ಆದರೂ ತಂಡ ಗೆದ್ದಿದೆ ಎಂದು ಸುಳ್ಳು ಸ್ಕೋರು ಬರೆದುಕೊಟ್ಟರೆ ಕೋಚಿನ ಸಂಬಳ ಉಳಿಯಿತೆಂದು ಮೇಲಿನವರು ನಗುತ್ತಾರೆ.

ಹಾಗೆಂದು ಬರೀ ಸೋತರೆ ಸಾಕೆಂದು ನಾನು ಹೇಳುತ್ತಿಲ್ಲ. ಹ್ಯೂಸ್ಟನ್ನಿನವರು ಸೋಲುತ್ತಾ ಹುಡುಗರನ್ನು ಬೆಳೆಸಿದರು. ಕೊನೆಗೆ ಡಬ್ಬಿ ಬಡಿದದ್ದೊಂದನ್ನು ಬಿಟ್ಟು, ಆ ಬೆಳೆಸಿದ ಭಾಗವನ್ನು ನಾವು ತೆಗೆದುಕೊಳ್ಳಬೇಕು. ನನ್ನ ಬೇಡಿಕೆಗಳು ಸಣ್ಣವು. ಕ್ರೀಡಾಕೂಟದಲ್ಲಿ ಟಾಸಿಗೆ ಮೊದಲು ಎರಡೂ ಶಾಲೆಯ ಪ್ರವೇಶ ದಾಖಲಾತಿಯನ್ನು ಮೈದಾನದ ಮೇಜಿನ ಮೇಲೆ ತೆರೆದಿಡಲಿ, ಯಾರು ಬೇಕಾದರೂ ನೋಡಲಿ. ವಯಸ್ಸಿನ ಸುಳ್ಳಿಗೆ ಸಹಿ ಹಾಕಿದ ಹಿರಿಯರಿಗೆ ಶಿಕ್ಷೆಯಾಗಲಿ, ಕರೆತಂದಲ್ಲಿಗೆ ಬಂದ ಮಗುವಿಗೆ ಬೇಡ. ನಮ್ಮ ಹೆಸರು ಇಟ್ಟುಕೊಂಡ ತಂಡ ವರ್ಷಕ್ಕೊಂದು ವಾರವಾದರೂ ಆಳಂದ, ಅಫಜಲಪುರ, ಜೇವರ್ಗಿಗೆ ಬಂದು ಎರೆಹೊಲದಲ್ಲಿ ಆಡುವ ಹುಡುಗರ ಕೈಗುಣ ನೋಡಲಿ. ಪರೀಕ್ಷೆಯ ಕ್ಯಾಮೆರಾ ಇರಲಿ, ಅದರ ಜೊತೆಗೆ ಗಣಿತ, ಇಂಗ್ಲಿಷ್, ವಿಜ್ಞಾನದ ಮಾಸ್ತರರೂ ಬರಲಿ. ಬರುವವರೆಗೆ ನಾವು ಆ 42.43ನ್ನು ಮುಚ್ಚಿಡದೆ ಮೆರವಣಿಗೆಯ ಫಲಕದ ಮೇಲೆ ಬರೆದು ಹಿಡಿಯೋಣ.

ಇನ್ನು ಸ್ಟಾಫ್ ರೂಮಿನ ನನ್ನ ಸಹೋದ್ಯೋಗಿಗಳಿಗೆ ಒಂದು ಮಾತು. ತಂಡ ಸೋತಾಗ ‘ಸೋತೆವ್ರಿ’ ಎನ್ನಿ, ಬಾಯಿ ಸವೆಯುವುದಿಲ್ಲ. ಆಧಾರವಿಲ್ಲದೆ ‘ಫಿಕ್ಸ್’ ಎಂದು ಹೇಳಿ ಬೆವರು ಸುರಿಸಿದ ಆಟಗಾರನನ್ನು ಕಳ್ಳನನ್ನಾಗಿ ಮಾಡಬೇಡಿ. ಆಧಾರ ಸಿಕ್ಕಾಗ, ಅದು ನಮ್ಮವರದೇ ಆದರೂ, ‘ಎಲ್ಲಾರೂ ಮಾಡ್ತಾರ್ರಿ’ ಎನ್ನಬೇಡಿ. ಎಲ್ಲರೂ ಮಾಡುವುದಿಲ್ಲ. ಬೆಳಗಿನ ರೊಟ್ಟಿ ಬಡಿದಿಟ್ಟು ಬಂದು ಅಂಗಳದಲ್ಲಿ ಓಡುವ ಹುಡುಗಿಯರು ಮಾಡುವುದಿಲ್ಲ. ಬ್ಲೂಟೂತ್ ಇಲ್ಲದೆ ರಾತ್ರಿಯಿಡೀ ಓದಿ ಎರಡು ಅಂಕದಿಂದ ನೌಕರಿ ತಪ್ಪಿಸಿಕೊಂಡವನು ಮಾಡಲಿಲ್ಲ. ‘ಎಲ್ಲಾರೂ’ ಎಂಬ ಆ ಒಂದು ಶಬ್ದದಲ್ಲಿ ನೀವು ಅವರನ್ನೂ ಸೇರಿಸಿಬಿಡುತ್ತೀರಿ. ಅವರ ಪರವಾಗಿ ನಾನು ಈ ತಕರಾರನ್ನು ಬರವಣಿಗೆಯಲ್ಲಿ ಕೊಡುತ್ತಿದ್ದೇನೆ. ಮಡಚಿ ಜೇಬಿಗೆ ಇಟ್ಟುಕೊಳ್ಳಬೇಡಿ.